ಅಣಬೆ ಕ್ಯಾಪ್ಸೂಲ್ ತಗೊಳ್ಳಲಾ, ಮಾತ್ರೆ ಬಿಡಲಾ?

ಪ್ರಶ್ನೆ: ನನಗೆ 34 ವರ್ಷ. ಒಂದೂವರೆ ವರ್ಷದಿಂದ ಖಿನ್ನತೆಗೆ ಎಸಿಟಾಲೋಪ್ರಾಮ್ 20 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದೇನೆ. ಬೇರೆ ಮಾತ್ರೆ ಯಾವುದನ್ನೂ ಈವರೆಗೆ ತೆಗೆದುಕೊಂಡಿಲ್ಲ. ಮೊದಲಿನಷ್ಟು ಅಳು, ಸಂಕಟ ಇಲ್ಲ. ಆದರೆ ಖುಷಿಯೂ ಇಲ್ಲ, ಎಲ್ಲ ಸಪ್ಪೆ. ಭ್ರಮೆ ತರಿಸುವ ಸೈಲೋಸೈಬಿನ್ ಅಣಬೆಯ ಒಂದೇ ಡೋಸ್‌ಗೆ ಖಿನ್ನತೆ ವಾಸಿಯಾಗುತ್ತದೆ ಎಂದು ಓದಿದೆ. ಗೆಳೆಯನೊಬ್ಬ ಕ್ಯಾಪ್ಸೂಲ್ ತರಿಸಿಕೊಡುತ್ತೇನೆ, ಎರಡು ವಾರ ಮೊದಲು ಮಾತ್ರೆ ನಿಲ್ಲಿಸು ಎನ್ನುತ್ತಾನೆ. ನೈಸರ್ಗಿಕ, ಚಟ ಹತ್ತುವುದಿಲ್ಲ, ಇದರಿಂದ ಯಾರೂ ಸತ್ತಿಲ್ಲ ಎನ್ನುವುದು ಅವನ ವಾದ. ಭಯವಾದರೆ ಮೈಕ್ರೋಡೋಸ್‌ನಿಂದ, ಅಂದರೆ ಅಮಲೇರದಷ್ಟು ಸಣ್ಣ ಪ್ರಮಾಣದಿಂದ, ಶುರು ಮಾಡು ಎಂದೂ ಹೇಳಿದ್ದಾನೆ. ಇದು ಸುರಕ್ಷಿತವೇ? ಇನ್ನೊಂದು ವಿಷಯ: ನನ್ನ ಸೋದರಮಾವನಿಗೆ ಕಾಲೇಜಿನಲ್ಲಿದ್ದಾಗ ಕಿವಿಯಲ್ಲಿ ಯಾರೋ ಮಾತಾಡಿದಂತೆ ಕೇಳಿಸುವ ಕಾಯಿಲೆ ಬಂದು, ಇಂದಿಗೂ ಔಷಧಿಯಲ್ಲಿದ್ದಾರೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಹೇಳಲೋ ಬೇಡವೋ ಎಂಬಂತೆ ಕೊನೆಗೆ ಸೇರಿಸಿದ್ದೀರಿ, ಆದರೆ ಇಡೀ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಅಲ್ಲಿಯೇ. ಸಂಬಂಧ ಇದೆ. ಅದೊಂದೇ ಕಾರಣಕ್ಕೆ ಸೈಲೋಸೈಬಿನ್‌ನ ಹಲವು ಟ್ರಯಲ್‌ಗಳಲ್ಲಿ, ಅಂದರೆ ರೋಗಿಗಳಿಗೆ ಕೊಟ್ಟು ನೋಡುವ ಔಷಧಿ ಪ್ರಯೋಗಗಳಲ್ಲಿ, ನಿಮ್ಮನ್ನು ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಹಾಗಾಗಿ ಕ್ಯಾಪ್ಸೂಲ್ ಬೇಡ, ಮಾತ್ರೆಯನ್ನು ನೀವಾಗಿ ನಿಲ್ಲಿಸುವುದೂ ಬೇಡ. ಹಾಗೆಂದು ನಿಮ್ಮ ಗೆಳೆಯ ಹೇಳಿದ್ದೆಲ್ಲ ಸುಳ್ಳಲ್ಲ. ಅರ್ಧ ನಿಜ. ತೊಂದರೆ ಇರುವುದು ಉಳಿದರ್ಧದಲ್ಲಿ.

ನಿಜ ಇರುವಷ್ಟನ್ನು ಮೊದಲು ಒಪ್ಪಿಕೊಳ್ಳೋಣ. ಸೈಲೋಸೈಬಿನ್, ಎಲ್‌ಎಸ್‌ಡಿ ಮುಂತಾದ ಭ್ರಮೆ ತರಿಸುವ ಪದಾರ್ಥಗಳು ಮೆದುಳಿನ ಸೆರೊಟೋನಿನ್ 2ಎ ಎಂಬ ಗ್ರಾಹಕದ ಮೇಲೆ, ಅಂದರೆ ಸೆರೊಟೋನಿನ್ ಎಂಬ ರಾಸಾಯನಿಕ ಬಂದು ಕೂರುವ ತಾಣದ ಮೇಲೆ, ಕೆಲಸ ಮಾಡುತ್ತವೆ. ಹೆರಾಯಿನ್‌ನಂತೆ ಉಸಿರಾಟ ನಿಲ್ಲಿಸುವುದಿಲ್ಲ, ಸಾರಾಯಿಯಂತೆ ಯಕೃತ್ತು ಹಾಳು ಮಾಡುವುದಿಲ್ಲ. ದಿನಾ ತೆಗೆದುಕೊಂಡರೆ ನಾಲ್ಕೈದು ದಿನದಲ್ಲಿ ಪರಿಣಾಮವೇ ಹೊರಟುಹೋಗುವುದರಿಂದ, ದಿನನಿತ್ಯದ ಚಟ ಬೆಳೆಯುವುದು ಅಪರೂಪ. ಬಿಪಿ ಮತ್ತು ನಾಡಿಬಡಿತ ಕೆಲವು ಗಂಟೆ ಏರುತ್ತವೆ, ಹೃದಯದ ಕಾಯಿಲೆ ಇದ್ದವರಿಗೆ ಅದು ಸಣ್ಣ ವಿಷಯವಲ್ಲ. ಆದರೆ ಆರೋಗ್ಯವಂತರ ದೇಹದ ಮಟ್ಟಿಗೆ ಹೇಳುವುದಾದರೆ ಇವು ತೀರಾ ವಿಷಕಾರಿ ಪದಾರ್ಥಗಳಲ್ಲ. ಸಾವುಗಳು ಆಗುವುದು ಹೆಚ್ಚಾಗಿ ವಿಷದಿಂದಲ್ಲ. ಎಚ್ಚರ ತಪ್ಪಿದ ತೀರ್ಮಾನದಿಂದ, ಅಂದರೆ ಮಹಡಿಯಿಂದ, ರಸ್ತೆಯಲ್ಲಿ, ನೀರಿನಲ್ಲಿ.

ಇನ್ನು ಅಪಾಯದ ಮಾತು. ಇದು ಅಣಬೆಯಲ್ಲಿ ಎಷ್ಟಿದೆಯೋ ಅಷ್ಟೇ, ಅದನ್ನು ಯಾರು ತೆಗೆದುಕೊಳ್ಳುತ್ತಾರೆ, ಅವರ ಮೈಯಲ್ಲಿ ಆಗಲೇ ಯಾವ ಔಷಧಿ ಇದೆ, ಆ ಆರು ಗಂಟೆ ಪಕ್ಕದಲ್ಲಿ ಯಾರು ಕೂತಿರುತ್ತಾರೆ ಎನ್ನುವುದರಲ್ಲೂ ಇದೆ. ಪತ್ರಿಕೆಗಳಲ್ಲಿ ‘ಸುರಕ್ಷಿತ’ ಎಂದು ಬರುವುದು ಈ ಎಲ್ಲವನ್ನೂ ಬಿಗಿಯಾಗಿ ಹಿಡಿದಿಟ್ಟ ಟ್ರಯಲ್‌ಗಳ ಮಾತು. ಅದರಿಂದ ಪದಾರ್ಥವನ್ನಷ್ಟೇ ಎತ್ತಿಕೊಂಡು ಮನೆಗೆ ಬಂದರೆ, ಆ ‘ಸುರಕ್ಷಿತ’ ಅಲ್ಲೇ ಉಳಿದುಬಿಡುತ್ತದೆ.

ಒಂದೇ ಡೋಸ್‌ಗೆ ವಾಸಿ ಎಂಬ ಸುದ್ದಿಯ ಮೂಲವನ್ನೇ ನೋಡಿ. 2022ರಲ್ಲಿ ಪ್ರಕಟವಾದ ದೊಡ್ಡ ಟ್ರಯಲ್ ಒಂದರಲ್ಲಿ, ಬೇರೆ ಔಷಧಿಗಳಿಗೆ ಬಗ್ಗದ ಖಿನ್ನತೆ ಇದ್ದ 233 ಜನರಿಗೆ ಸೈಲೋಸೈಬಿನ್ ಕೊಟ್ಟರು. ಕೆಲವರಿಗೆ 25 ಮಿಲಿಗ್ರಾಂ, ಕೆಲವರಿಗೆ 10, ಇನ್ನು ಕೆಲವರಿಗೆ ಹೆಸರಿಗಷ್ಟೇ 1 ಮಿಲಿಗ್ರಾಂ. ಮೂರನೇ ವಾರದಲ್ಲಿ 25 ಮಿಲಿಗ್ರಾಂ ಗುಂಪು ಸ್ಪಷ್ಟವಾಗಿ ಮುಂದಿತ್ತು, ಇದರಲ್ಲಿ ಅನುಮಾನವಿಲ್ಲ. ಆದರೆ ಹನ್ನೆರಡನೇ ವಾರದವರೆಗೂ ಆ ಸುಧಾರಣೆ ಉಳಿದದ್ದು ಆ ಗುಂಪಿನ ನೂರಕ್ಕೆ 20 ಜನರಲ್ಲಿ. 1 ಮಿಲಿಗ್ರಾಂ ಪಡೆದವರಲ್ಲಿ ನೂರಕ್ಕೆ 10. ಇದು ಭರವಸೆಯ ಫಲಿತಾಂಶ, ಪವಾಡ ಅಲ್ಲ. ಒಟ್ಟು ಭಾಗವಹಿಸಿದವರಲ್ಲಿ 77 ಶೇಕಡಾ ಮಂದಿಗೆ ತಲೆನೋವು, ವಾಕರಿಕೆ, ತಲೆಸುತ್ತಿನಂಥ ಯಾವುದಾದರೊಂದು ಅಡ್ಡಪರಿಣಾಮ ಕಾಣಿಸಿತು. ಆತ್ಮಹತ್ಯೆಯ ಯೋಚನೆ ಅಥವಾ ತಮಗೆ ತಾವೇ ಗಾಯ ಮಾಡಿಕೊಂಡ ಪ್ರಕರಣಗಳು ಮೂರೂ ಗುಂಪುಗಳಲ್ಲಿ ಕಂಡವು. ತೀವ್ರ ಖಿನ್ನತೆಯ ರೋಗಿಗಳಲ್ಲಿ ಇದು ಔಷಧಿ ಇಲ್ಲದೆಯೂ ಆಗುವಂಥದ್ದು, ಎಲ್ಲವನ್ನೂ ಸೈಲೋಸೈಬಿನ್ ತಲೆಗೆ ಕಟ್ಟಲು ಬರುವುದಿಲ್ಲ. ಆದರೆ ಅಲ್ಲಿ ಅದನ್ನು ಕೇಳುವವರು, ಗಮನಿಸುವವರು ಇದ್ದರು. ನಿಮ್ಮ ಕೋಣೆಯಲ್ಲಿ ಯಾರಿರುತ್ತಾರೆ?

ನಿಮಗೆ ಇನ್ನೂ ಹತ್ತಿರದ ಅಧ್ಯಯನವೊಂದಿದೆ. 2021ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಸೈಲೋಸೈಬಿನ್ ಅನ್ನು ನೇರವಾಗಿ ಎಸಿಟಾಲೋಪ್ರಾಮ್ ಜೊತೆಗೇ ಹೋಲಿಸಿ ನೋಡಿದರು, ಅಂದರೆ ನೀವು ನುಂಗುತ್ತಿರುವ ಮಾತ್ರೆಯ ಜೊತೆಗೇ. 59 ಜನ, ಆರು ವಾರ. ಮೊದಲೇ ನಿಗದಿ ಮಾಡಿಕೊಂಡಿದ್ದ ಮುಖ್ಯ ಅಳತೆಯಲ್ಲಿ ಎರಡರ ನಡುವೆ ಗಮನಾರ್ಹ ವ್ಯತ್ಯಾಸ ಸಿಗಲಿಲ್ಲ. ಉಪ ಅಳತೆಗಳು ಸೈಲೋಸೈಬಿನ್ ಕಡೆ ವಾಲಿದ್ದವು, ಸುದ್ದಿಯ ತಲೆಬರಹಗಳು ಬಂದದ್ದು ಅವುಗಳಿಂದ.

ಈ ಎಲ್ಲ ಅಧ್ಯಯನಗಳಿಗೂ ಇನ್ನೊಂದು ಪೇಚು ಅಂಟಿಕೊಂಡಿದೆ. ಯಾರಿಗೆ ನಿಜವಾದ ಔಷಧಿ ಸಿಕ್ಕಿದೆ ಎನ್ನುವುದನ್ನು ಮುಚ್ಚಿಡಲು ಆಗುವುದೇ ಇಲ್ಲ. ಗೋಡೆ ಉಸಿರಾಡುವುದು ಕಂಡವನಿಗೆ ತನಗೆ ಪ್ಲಸೀಬೊ, ಅಂದರೆ ಔಷಧಿಯಿಲ್ಲದ ಹುಸಿ ಮಾತ್ರೆ, ಸಿಕ್ಕಿಲ್ಲವೆಂದು ಗೊತ್ತಾಗುತ್ತದೆ. ಏನೂ ಕಾಣದವನಿಗೆ ನಿರಾಸೆ. ನಿರೀಕ್ಷೆ ಮತ್ತು ನಿರಾಸೆ ಎರಡೂ ಖಿನ್ನತೆ ಅಳೆಯುವ ಅಂಕಗಳನ್ನು ಅಲ್ಲಾಡಿಸುತ್ತವೆ.

ಈ ಪೇಚು ಹಳೆಯದು, ಇನ್ನೊಂದು ಹಳೆಯ ಚಾಳಿಯನ್ನೂ ಅದರ ಜೊತೆಗೇ ಹೇಳಬೇಕು. 1962ರ ಗುಡ್ ಫ್ರೈಡೇ ದಿನ, ಬಾಸ್ಟನ್ ವಿಶ್ವವಿದ್ಯಾಲಯದ ಮಾರ್ಷ್ ಚಾಪೆಲ್‌ನಲ್ಲಿ ವಾಲ್ಟರ್ ಪಾಹ್ನ್‌ಕೆ ಎಂಬ ಸಂಶೋಧನಾ ವಿದ್ಯಾರ್ಥಿ ಇಪ್ಪತ್ತು ಮಂದಿ ದೇವತಾಶಾಸ್ತ್ರದ ವಿದ್ಯಾರ್ಥಿಗಳನ್ನು ಕೂರಿಸಿ, ಅರ್ಧ ಜನಕ್ಕೆ ಸೈಲೋಸೈಬಿನ್, ಇನ್ನರ್ಧಕ್ಕೆ ಮೈ ಬಿಸಿಯೇರಿಸುವ ನಿಕೋಟಿನಿಕ್ ಆಮ್ಲ ಕೊಟ್ಟ. ಸ್ವಲ್ಪ ಹೊತ್ತಿನಲ್ಲೇ ಯಾರಿಗೆ ಯಾವುದು ಎಂಬ ಗುಟ್ಟು ಬಯಲಾಯಿತು. ದಶಕಗಳ ಕಾಲ ಈ ಪ್ರಯೋಗ ಆಧ್ಯಾತ್ಮಿಕ ಅನುಭವದ ಸುಂದರ ಕತೆಯಾಗಿ ಹರಿದಾಡಿತು. ರಿಕ್ ಡಾಬ್ಲಿನ್ ಎಂಬವರು ಅದೇ ಜನರನ್ನು ಮತ್ತೆ ಹುಡುಕಿ ಮಾತಾಡಿಸಿ 1991ರಲ್ಲಿ ಬರೆದಾಗ ಬಿಟ್ಟುಹೋಗಿದ್ದ ಒಂದು ವಿವರ ಹೊರಬಂತು. ಅಂದು ಒಬ್ಬ ವಿದ್ಯಾರ್ಥಿ, ಲೋಕಕ್ಕೆ ದೇವರ ಸಂದೇಶ ಸಾರಲು ತಾನು ಆಯ್ಕೆಯಾಗಿದ್ದೇನೆ ಎಂಬ ನಂಬಿಕೆಯಲ್ಲಿ ಚಾಪೆಲ್ ಬಿಟ್ಟು ಬೀದಿಗಿಳಿದಿದ್ದ. ಅವನನ್ನು ಹಿಡಿದು ತಂದು ಕ್ಲೋರ್‌ಪ್ರೊಮಜೀನ್ ಎಂಬ, ಮನಸ್ಸಿನ ಉದ್ರೇಕ ತಗ್ಗಿಸುವ ಇಂಜೆಕ್ಷನ್ ಕೊಡಬೇಕಾಯಿತು. ಮೂಲ ಪ್ರಬಂಧದಲ್ಲಿ ಆ ಇಂಜೆಕ್ಷನ್ನಿನ ಸುಳಿವೇ ಇರಲಿಲ್ಲ. ಗಮನಿಸಿ, ಇದನ್ನು ಬಯಲು ಮಾಡಿದ ಡಾಬ್ಲಿನ್ ಸೈಕೆಡೆಲಿಕ್‌ಗಳ, ಅಂದರೆ ಇಂಥ ಭ್ರಮೆ ತರಿಸುವ ಪದಾರ್ಥಗಳ, ವಿರೋಧಿಯಲ್ಲ, ಅವುಗಳ ಪರ ದೊಡ್ಡ ದನಿ. ಒಳ್ಳೆಯ ಅನುಭವಗಳು ತಾವಾಗಿ ಸುದ್ದಿಯಾಗುತ್ತವೆ, ಇಂಜೆಕ್ಷನ್‌ಗಳನ್ನು ಯಾರಾದರೂ ಹುಡುಕಿ ತೆಗೆಯಬೇಕಾಗುತ್ತದೆ. ಈಗಲೂ ನಾನು ಯಾವುದೇ ಹೊಸ ಅಧ್ಯಯನ ಓದುವಾಗ ಅಡ್ಡಪರಿಣಾಮಗಳ ಕೋಷ್ಟಕಕ್ಕೆ ಮೊದಲು ಹೋಗುವುದು ಇದಕ್ಕೇ.

ಈಗ ನಿಮ್ಮ ಸೋದರಮಾವನ ವಿಷಯ. ನೀವು ವಿವರಿಸಿದ್ದು ಸ್ಕಿಜೋಫ್ರೀನಿಯಾದಂತೆ ಕಾಣುತ್ತದೆ, ಅವರ ವೈದ್ಯರ ಚೀಟಿ ನೋಡದೆ ಖಚಿತವಾಗಿ ಹೇಳಲಾರೆ. ಆ ಕಾಯಿಲೆ ನೂರರಲ್ಲಿ ಸುಮಾರು ಒಬ್ಬರಿಗೆ ಬರುತ್ತದೆ. ರಕ್ತಸಂಬಂಧಿಗಳಲ್ಲಿ ಇದ್ದರೆ ಸಾಧ್ಯತೆ ಏರುತ್ತದೆ. ತಂದೆ ತಾಯಿ, ಒಡಹುಟ್ಟಿದವರಲ್ಲಿದ್ದರೆ ಹೆಚ್ಚು, ಮಾವ ಚಿಕ್ಕಪ್ಪಂದಿರಲ್ಲಿದ್ದರೆ ಅದಕ್ಕಿಂತ ಕಡಿಮೆ. ಮಾವನಿಗೆ ಇದೆ ಎಂದ ಮಾತ್ರಕ್ಕೆ ನಿಮಗೆ ಬರುತ್ತದೆ ಎಂದಲ್ಲ. ಹದಿಹರೆಯದ ಕೊನೆಯಿಂದ ಮೂವತ್ತರ ಆಸುಪಾಸಿನವರೆಗೆ ಇದು ಹೆಚ್ಚಾಗಿ ಶುರುವಾಗುವ ವಯಸ್ಸು, ನೀವು ಅದರ ಬಹುಭಾಗ ದಾಟಿದ್ದೀರಿ. ಇದು ನಿಮ್ಮ ಪಾಲಿನ ಒಳ್ಳೆಯ ಸುದ್ದಿ. ಆದರೆ ಒಳಗೆ ಅಂಥ ಒಲವು ಅಡಗಿದ್ದರೆ ಅದನ್ನು ಮೇಲೆಬ್ಬಿಸುವ ಶಕ್ತಿ ಈ ಪದಾರ್ಥಗಳಿಗಿದೆ ಎಂಬ ಆತಂಕ ಬುಡವಿಲ್ಲದ್ದಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಆರೋಗ್ಯ ದಾಖಲೆಗಳನ್ನು ಆಧರಿಸಿ 2024ರಲ್ಲಿ ಬಂದ ಅಧ್ಯಯನದ ಪ್ರಕಾರ, ಭ್ರಮೆ ತರಿಸುವ ಪದಾರ್ಥಗಳ ದೆಸೆಯಿಂದ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದವರಲ್ಲಿ ಮೂರು ವರ್ಷದೊಳಗೆ ನೂರಕ್ಕೆ ಸುಮಾರು 4 ಜನರಿಗೆ ಸ್ಕಿಜೋಫ್ರೀನಿಯಾ ಬಗೆಯ ಕಾಯಿಲೆ ಪತ್ತೆಯಾಯಿತು. ಉಳಿದ ಜನರಲ್ಲಿ ಅದು 0.15 ಶೇಕಡಾ. ಇದನ್ನು ಓದುವಾಗ ಎಚ್ಚರ ಬೇಕು. ಅಣಬೆ ತಿಂದವರೆಲ್ಲ ಆಸ್ಪತ್ರೆಗೆ ಬರುವುದಿಲ್ಲ, ಬಂದವರಲ್ಲಿ ಹಲವರಿಗೆ ಬೇರೆ ಮಾನಸಿಕ ತೊಂದರೆ, ಬೇರೆ ಮಾದಕ ಪದಾರ್ಥಗಳ ಬಳಕೆ ಮೊದಲೇ ಇತ್ತು. ಅದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡಾಗ ವ್ಯತ್ಯಾಸ ಬಹಳ ತಗ್ಗಿತು, ಆದರೂ ಮೂರೂವರೆ ಪಟ್ಟು ಉಳಿಯಿತು. ಅಣಬೆಯೇ ಕಾಯಿಲೆ ತಂದಿತು ಎಂದು ಇದರಿಂದ ಸಾಬೀತಾಗದು. ಆದರೆ ನಿಮ್ಮ ಮನೆತನದ ಇತಿಹಾಸ ಇರುವವರು ಇದನ್ನು ಬದಿಗೆ ಸರಿಸುವ ಹಾಗೂ ಇಲ್ಲ.

ಖಿನ್ನತೆ ಮತ್ತು ಉನ್ಮಾದ ಎರಡೂ ಬಂದುಹೋಗುವ ಬೈಪೋಲಾರ್ ಕಾಯಿಲೆಯ ಬಗ್ಗೆಯೂ ಇದೇ ಎಚ್ಚರ. ಖಿನ್ನತೆ ಎಂದು ಚಿಕಿತ್ಸೆ ಪಡೆಯುತ್ತಿರುವವರಲ್ಲಿ ಕೆಲವರದ್ದು ನಿಜಕ್ಕೂ ಬೈಪೋಲಾರ್ ಆಗಿರುತ್ತದೆ, ಉನ್ಮಾದದ ಹಂತ ಇನ್ನೂ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ಹಿಂದೆ ಯಾವತ್ತಾದರೂ ನಾಲ್ಕೈದು ದಿನ ಮೂರು ಗಂಟೆ ನಿದ್ದೆಯಲ್ಲೇ ಸುಸ್ತಿಲ್ಲದೆ ಓಡಾಡಿದ್ದು, ಮಾತು ನಿಲ್ಲದಂತಾಗಿದ್ದು, ಕೈಮೀರಿ ಖರ್ಚು ಮಾಡಿದ್ದು ಉಂಟೇ? ನಿಮ್ಮನ್ನು ಮಾತ್ರ ಕೇಳಿಕೊಂಡರೆ ಸಾಲದು, ನಿಮ್ಮ ತಾಯಿಯನ್ನೂ ಕೇಳಿ. ಮಾವನ ಕಾಯಿಲೆಯ ಹೆಸರನ್ನೂ ಅವರಿಂದಲೇ ತಿಳಿದುಕೊಳ್ಳಿ.

ಇನ್ನು ಆ ‘ಎರಡು ವಾರ’. ನಿಮ್ಮ ಗೆಳೆಯನಿಗೆ ಇದು ಎಲ್ಲಿ ಸಿಕ್ಕಿತೆಂದು ಊಹಿಸಬಲ್ಲೆ. ಟ್ರಯಲ್‌ಗಳಲ್ಲಿ ಹಳೆಯ ಮಾತ್ರೆ ನಿಲ್ಲಿಸಿ ಕನಿಷ್ಠ ಎರಡು ವಾರ ಕಾಯುವ ನಿಯಮ ಇರುತ್ತದೆ. ಆದರೆ ಅಲ್ಲಿ ಡೋಸನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ಆಮೇಲೆ ಎರಡು ವಾರ ಎಣಿಸುತ್ತಾರೆ, ನಡುವೆ ಫೋನ್ ಮಾಡಿ ಹೇಗಿದ್ದೀರಿ ಎಂದು ಕೇಳುತ್ತಿರುತ್ತಾರೆ. ಅವನು ಹೇಳಿದಂತೆ 20 ಮಿಲಿಗ್ರಾಂನಿಂದ ಒಮ್ಮೆಲೇ ಸೊನ್ನೆಗೆ ಬಂದರೆ ತಲೆಯಲ್ಲಿ ಕರೆಂಟ್ ಹೊಡೆದಂತಾಗುವುದು, ತಲೆಸುತ್ತು, ವಿಪರೀತ ಕನಸು, ಕಾರಣವಿಲ್ಲದ ಅಳು ಮತ್ತು ಸಿಟ್ಟು ಶುರುವಾಗಬಹುದು. ಮರಳಿ ಬಂದ ಖಿನ್ನತೆಯೂ ಅದರಲ್ಲಿ ಬೆರೆತಿದ್ದರೆ ಯಾವುದು ಯಾವುದೆಂದು ಬಿಡಿಸುವುದು ನಮಗೂ ಕಷ್ಟ. ಅಂಥ ಸ್ಥಿತಿಯಲ್ಲಿ ನೀವು ಕ್ಯಾಪ್ಸೂಲ್ ನುಂಗಲು ಕೂರುತ್ತೀರಿ. ಅಷ್ಟೇ ಅಲ್ಲ, ಇಷ್ಟು ಕಾಲ ಇಂಥ ಮಾತ್ರೆ ತೆಗೆದುಕೊಂಡವರಲ್ಲಿ ಅದನ್ನು ಬಿಟ್ಟ ಎಷ್ಟೋ ವಾರಗಳ ತನಕ ಅಣಬೆಯ ಪರಿಣಾಮ ಮಂದವಾಗಿರಬಹುದು. ಏನೂ ಆಗಲಿಲ್ಲವಲ್ಲ ಎಂದು ಇನ್ನೆರಡು ನುಂಗುವವರು ಇದ್ದೇ ಇರುತ್ತಾರೆ. ಅದು ಅಪಾಯದ ಗಳಿಗೆ.

ಔಷಧಿಗಳ ತಾಕಲಾಟದಲ್ಲಿ ಎರಡು ಮೂರನ್ನು ನೆನಪಿಡಿ. ಲಿಥಿಯಂ ತೆಗೆದುಕೊಳ್ಳುವವರು ಸೈಲೋಸೈಬಿನ್ ಅಥವಾ ಎಲ್‌ಎಸ್‌ಡಿ ಮುಟ್ಟಲೇಬಾರದು, ಅಪಸ್ಮಾರದಂಥ ಸೆಳವು ಬಂದ ವರದಿಗಳು ಸಾಕಷ್ಟಿವೆ. ಖಿನ್ನತೆಯ ಮಾತ್ರೆ ಸಾಲದಿದ್ದಾಗ ವೈದ್ಯರು ಲಿಥಿಯಂ ಸೇರಿಸುವುದುಂಟು, ಆದ್ದರಿಂದ ಇದು ನಿಮಗೂ ಸಂಬಂಧಿಸಿದ ಮಾತು. ದಕ್ಷಿಣ ಅಮೆರಿಕದ ಆಯವಾಸ್ಕಾ ಕಷಾಯದಲ್ಲಿ ದೇಹದೊಳಗೆ ಸೆರೊಟೋನಿನ್ ಒಡೆಯುವ ಕಿಣ್ವವನ್ನು ತಡೆಯುವ ಅಂಶ ಇದೆ. ಎಸಿಟಾಲೋಪ್ರಾಮ್ ಮೈಯಲ್ಲಿರುವಾಗ ಅದನ್ನು ಕುಡಿದರೆ ಸೆರೊಟೋನಿನ್ ಮಿತಿಮೀರಿ ಜ್ವರ, ನಡುಕ, ಸ್ನಾಯುಗಳ ಬಿಗಿತ ಬಂದು ಜೀವಕ್ಕೇ ಕುತ್ತಾಗಬಹುದು. ಚಟ ಬಿಡಿಸುತ್ತದೆ ಎಂದು ಪ್ರಚಾರದಲ್ಲಿರುವ ಐಬೊಗೇನ್ ಹೃದಯದ ಲಯವನ್ನೇ ಕೆಡಿಸುತ್ತದೆ, ಅದರಿಂದ ಸಾವುಗಳಾಗಿವೆ. ಎಲ್ಲವನ್ನೂ ಸೈಕೆಡೆಲಿಕ್ ಎಂಬ ಒಂದೇ ಚೀಲಕ್ಕೆ ತುಂಬಿ ‘ಯಾರೂ ಸತ್ತಿಲ್ಲ’ ಎನ್ನುವುದು ಶುದ್ಧ ಅಜ್ಞಾನ.

ಕ್ಯಾಪ್ಸೂಲ್ ಒಳಗೆ ಏನಿದೆ? ನಿಮ್ಮ ಗೆಳೆಯನಿಗೂ ಗೊತ್ತಿಲ್ಲ. ಟ್ರಯಲ್‌ನ 25 ಮಿಲಿಗ್ರಾಂ ಎಂದರೆ ಪ್ರಯೋಗಾಲಯದಲ್ಲಿ ತಯಾರಾದ, ತೂಕ ಗೊತ್ತಿರುವ ಶುದ್ಧ ಪದಾರ್ಥ. ಒಣಗಿದ ಅಣಬೆಯಲ್ಲಿ ತಳಿಯಿಂದ ತಳಿಗೆ, ಒಂದೇ ಬುಟ್ಟಿಯ ಎರಡು ಅಣಬೆಗಳ ನಡುವೆಯೂ, ಸೈಲೋಸೈಬಿನ್ ಪ್ರಮಾಣ ಹಲವು ಪಟ್ಟು ಬೇರೆಯಾಗಿರುತ್ತದೆ. ಕಾಡಿನಲ್ಲಿ ಕಿತ್ತದ್ದಾದರೆ ಇನ್ನೂ ಕೆಟ್ಟದ್ದು. ನೋಡಲು ಹಾಗೆಯೇ ಇರುವ ಗ್ಯಾಲರಿನಾ ಎಂಬ ಅಣಬೆಯಲ್ಲಿ ಯಕೃತ್ತನ್ನು ಕೊಲ್ಲುವ ವಿಷವಿದೆ. ತಿಂದ ಹಲವು ಗಂಟೆ ಏನೂ ಆಗುವುದಿಲ್ಲ, ಆಮೇಲೆ ವಾಂತಿ ಭೇದಿ, ಮಧ್ಯೆ ಒಂದಿಷ್ಟು ಹೊತ್ತು ಹುಷಾರಾದಂತೆ ಕಂಡು, ಕೊನೆಗೆ ಯಕೃತ್ತು ಕೈಕೊಡುತ್ತದೆ. ಅದೂ ನೈಸರ್ಗಿಕವೇ. 2024ರಲ್ಲಿ ಅಮೆರಿಕದಲ್ಲಿ ‘ಅಣಬೆ ಚಾಕಲೇಟ್’ ತಿಂದು ಹಲವರು ಆಸ್ಪತ್ರೆ ಸೇರಿದಾಗ, ಪರೀಕ್ಷಿಸಿದ ಕೆಲವು ಚಾಕಲೇಟ್‌ಗಳಲ್ಲಿ ಪೂರ್ತಿ ಬೇರೆಯೇ ಅಣಬೆಯ ಮಸಿಮಾಲ್ ಎಂಬ ಪದಾರ್ಥ ಸಿಕ್ಕಿತು. ಎಲ್‌ಎಸ್‌ಡಿ ಎಂದು ಮಾರುವ ಕಾಗದದ ಚೂರುಗಳಲ್ಲಿ ಎನ್‌ಬೋಮ್ ಗುಂಪಿನ ರಾಸಾಯನಿಕಗಳು ಇದ್ದು ಜನ ಸತ್ತಿದ್ದಾರೆ.

ಮೈಕ್ರೋಡೋಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 2021ರ ಅಧ್ಯಯನವೊಂದರಲ್ಲಿ 191 ಮಂದಿ, ತಾವು ನುಂಗುವುದು ನಿಜವಾದದ್ದೋ ಖಾಲಿ ಕ್ಯಾಪ್ಸೂಲೋ ತಮಗೇ ತಿಳಿಯದಂತೆ ಏರ್ಪಾಡು ಮಾಡಿಕೊಂಡು ವಾರಗಟ್ಟಲೆ ತೆಗೆದುಕೊಂಡರು. ಎರಡೂ ಗುಂಪು ಒಂದೇ ಸಮ ಸುಧಾರಿಸಿತು. ಅಲ್ಲದೆ ಈ ಪದಾರ್ಥಗಳು ಹೃದಯದ ಕವಾಟದಲ್ಲಿರುವ ಸೆರೊಟೋನಿನ್ 2ಬಿ ಗ್ರಾಹಕವನ್ನೂ ತಟ್ಟುತ್ತವೆ. ಅದೇ ದಾರಿಯಲ್ಲಿ ಕವಾಟ ಕೆಡಿಸಿದ್ದಕ್ಕೆ ಫೆನ್‌ಫ್ಲುರಮಿನ್ ಎಂಬ ತೂಕ ಇಳಿಸುವ ಔಷಧಿಯನ್ನು 1997ರಲ್ಲಿ ವಾಪಸು ಪಡೆಯಲಾಯಿತು. ಮೈಕ್ರೋಡೋಸ್‌ನಿಂದ ಹಾಗಾಗಿದೆ ಎಂದು ಯಾರೂ ತೋರಿಸಿಲ್ಲ. ಆದರೆ ಬಾರಿ ಬಾರಿ, ತಿಂಗಳುಗಟ್ಟಲೆ ನುಂಗುವವರು ಈ ಪ್ರಶ್ನೆಯನ್ನು ಮರೆಯಬಾರದು.

ಕೆಟ್ಟ ಅನುಭವ, ಜನರ ಬಾಯಲ್ಲಿ ಬ್ಯಾಡ್ ಟ್ರಿಪ್, ಇದರ ಬಗ್ಗೆ ಒಂದು ಸಮೀಕ್ಷೆ ಕಣ್ಣು ತೆರೆಸುವಂತಿದೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 2016ರಲ್ಲಿ, ಅಣಬೆಯಿಂದ ಕಠಿಣ ಅನುಭವವಾದ 1,993 ಜನರ ಉತ್ತರಗಳನ್ನು ಪ್ರಕಟಿಸಿದರು. ಅದು ತಮ್ಮ ಬದುಕಿನ ಐದು ಅತ್ಯಂತ ಕಷ್ಟದ ಅನುಭವಗಳಲ್ಲಿ ಒಂದು ಎಂದವರು 39 ಶೇಕಡಾ. ತಾವೋ ಇತರರೋ ದೈಹಿಕ ಅಪಾಯಕ್ಕೆ ಸಿಲುಕುವಂತಾಯಿತು ಎಂದವರು 11 ಶೇಕಡಾ. ವಿಚಿತ್ರವೆಂದರೆ ಅದೇ ಜನರಲ್ಲಿ 84 ಶೇಕಡಾ ಮಂದಿ ಅದರಿಂದ ತಮಗೆ ಒಳಿತಾಯಿತು ಎಂದರು. ಎರಡೂ ಒಟ್ಟಿಗೇ ನಿಜ ಇರಬಹುದು. ಪುಕ್ಕಲು ಉಪದೇಶವಾಗಲಿ ಕುರುಡು ಉತ್ಸಾಹವಾಗಲಿ ಈ ವಿಷಯಕ್ಕೆ ಒಗ್ಗುವುದಿಲ್ಲ ಎನ್ನುವುದಕ್ಕೆ ನನಗೆ ಇದೇ ಸಾಕು. ಇನ್ನು ಕೆಲವರಿಗೆ ಟ್ರಿಪ್ ಮುಗಿದ ಮೇಲೂ ಚಲಿಸುವ ವಸ್ತುಗಳ ಹಿಂದೆ ಬಾಲ ಕಾಣುವುದು, ದೃಷ್ಟಿಯಲ್ಲಿ ಚುಕ್ಕೆಗಳ ಮಳೆ, ಸುತ್ತಲ ಲೋಕ ನಿಜವಲ್ಲ ಎಂಬ ಭಾವನೆ ತಿಂಗಳುಗಟ್ಟಲೆ ಉಳಿಯುತ್ತದೆ. ಅಪರೂಪ, ಆದರೆ ಖಚಿತವಾದ ಔಷಧಿ ಇಲ್ಲ.

ಪಕ್ಕದಲ್ಲಿ ಕೂರುವವರ ವಿಷಯ ಎಲ್ಲರೂ ಹಗುರವಾಗಿ ಬಿಡುವಂಥದ್ದು. ಈ ಪದಾರ್ಥಗಳ ಪ್ರಭಾವದಲ್ಲಿ ಮನುಷ್ಯ ಹೇಳಿದ್ದನ್ನೆಲ್ಲ ನಂಬುವ, ಬೇಡ ಎನ್ನಲು ಆಗದ ಸ್ಥಿತಿಗೆ ಹೋಗುತ್ತಾನೆ. ಅದಕ್ಕೇ ಟ್ರಯಲ್‌ಗಳಲ್ಲಿ ಸಾಮಾನ್ಯವಾಗಿ ಇಬ್ಬರು ಇರುತ್ತಾರೆ, ಮುಟ್ಟುವ ವಿಷಯವನ್ನು ಮೊದಲೇ ಮಾತಾಡಿಕೊಂಡಿರುತ್ತಾರೆ. ಅಷ್ಟಿದ್ದೂ, ಪಾರ್ಟಿಗಳಲ್ಲಿ ಎಕ್ಸ್‌ಟಸಿ ಎಂದು ಹರಿದಾಡುವ ಎಂಡಿಎಂಎ ಪದಾರ್ಥದ ಕೆನಡಾದ ಟ್ರಯಲ್ ಒಂದರಲ್ಲಿ ಚಿಕಿತ್ಸಕರು ರೋಗಿಯೊಬ್ಬಳ ಮೇಲೆ ಎರಗಿ ಮಲಗಿದ, ಅಪ್ಪಿ ಹಿಡಿದ ವಿಡಿಯೊ ಹೊರಬಂತು. 2024ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹಾ ಸಮಿತಿ, ಭೀಕರ ಘಟನೆಯ ಆಘಾತದಿಂದ ಉಳಿಯುವ ಮಾನಸಿಕ ಕಾಯಿಲೆಗೆ (ಪಿಟಿಎಸ್‌ಡಿ) ಎಂಡಿಎಂಎಯಿಂದ ಆಗುವ ಲಾಭ ಅದರ ಅಪಾಯವನ್ನು ಮೀರಿಸುವುದಿಲ್ಲ ಎಂದು 10-1 ಮತಗಳಿಂದ ಹೇಳಿತು. ಆಗಸ್ಟ್‌ನಲ್ಲಿ ಸಂಸ್ಥೆ ಅನುಮತಿ ನಿರಾಕರಿಸಿತು. ಇಂಥ ಪದಾರ್ಥ ಕೊಟ್ಟು ರಿಟ್ರೀಟ್ ಹೆಸರಿನಲ್ಲಿ ನಡೆಸುವ ಶಿಬಿರಗಳಲ್ಲಿ ವಿಡಿಯೊ ಇರಲಿ, ದೂರು ಕೊಡಲು ಒಂದು ವಿಳಾಸವೂ ಸಿಗದಿರಬಹುದು.

ಕಾನೂನುಬದ್ಧ ದಾರಿಗಳೂ ಇವೆ. ಆಸ್ಟ್ರೇಲಿಯಾದಲ್ಲಿ 2023ರ ಜುಲೈನಿಂದ ಅಧಿಕಾರ ಪಡೆದ ಮನೋವೈದ್ಯರು, ಬೇರೆ ಚಿಕಿತ್ಸೆಗೆ ಬಗ್ಗದ ಖಿನ್ನತೆಗೆ ಸೈಲೋಸೈಬಿನ್ ಬರೆಯಬಹುದು. ಅರಿವಳಿಕೆ ಔಷಧಿ ಕೆಟಮೈನ್‌ನ ಸೋದರ ಎಸ್‌ಕೆಟಮೈನ್‌ಗೆ ಇಂಥದೇ ಖಿನ್ನತೆಗಾಗಿ ಅಮೆರಿಕದಲ್ಲಿ 2019ರಲ್ಲೇ ಅನುಮತಿ ಸಿಕ್ಕಿದೆ. ಆದರೆ ಅದನ್ನು ಕ್ಲಿನಿಕ್‌ನಲ್ಲೇ ತೆಗೆದುಕೊಂಡು, ಬಿಪಿ ನೋಡಿಸಿಕೊಳ್ಳುತ್ತಾ ಕನಿಷ್ಠ ಎರಡು ಗಂಟೆ ಅಲ್ಲೇ ಕೂತಿರಬೇಕು. ಬಹುತೇಕ ದೇಶಗಳಲ್ಲಿ ಮಾತ್ರ ಅಣಬೆ ಇಟ್ಟುಕೊಳ್ಳುವುದೇ ಅಪರಾಧ. ಗೆಳೆಯ ತರಿಸುವ ಪೊಟ್ಟಣದ ಮೇಲೆ ನಿಮ್ಮ ವಿಳಾಸ ಇದ್ದರೆ ಏನಾಗಬಹುದು ಎನ್ನುವುದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಆಶಾದಾಯಕವಾಗಿ ಕಂಡದ್ದೂ ಒಂದಿದೆ. ‘ಬಗ್ಗದ ಖಿನ್ನತೆ’ ಎನ್ನಬೇಕಾದರೆ ಸಾಮಾನ್ಯವಾಗಿ ಎರಡು ಬೇರೆ ಬೇರೆ ಮಾತ್ರೆಗಳನ್ನು ಸರಿಯಾದ ಡೋಸ್‌ನಲ್ಲಿ, ಸಾಕಷ್ಟು ವಾರ ತೆಗೆದುಕೊಂಡೂ ಫಲ ಸಿಗದಿರಬೇಕು. ನೀವು ತೆಗೆದುಕೊಂಡಿರುವುದು ಒಂದೇ. ಅಳು ನಿಂತಿದೆ, ಖುಷಿಯೂ ನಿಂತಿದೆ ಎಂದಿದ್ದೀರಿ. ಇದು ಉಳಿದ ಖಿನ್ನತೆ ಇರಬಹುದು, ಆದರೆ ಎಸಿಟಾಲೋಪ್ರಾಮ್ ಗುಂಪಿನ ಮಾತ್ರೆಗಳು ಭಾವನೆಗಳನ್ನೇ ಮೊಂಡು ಮಾಡುವುದೂ ಉಂಟು, ಅದರಲ್ಲೂ ಪೂರ್ಣ ಡೋಸ್‌ನಲ್ಲಿ. ಹಾಗಿದ್ದರೆ ಡೋಸ್ ಇಳಿಸಿಯೋ, ಬ್ಯುಪ್ರೊಪಿಯಾನ್‌ನಂಥ ಬೇರೆ ಬಗೆಯ ಔಷಧಿಗೆ ಬದಲಾಯಿಸಿಯೋ ನೋಡಬಹುದು. ಥೈರಾಯ್ಡ್ ಪರೀಕ್ಷೆ ಆಗಿಲ್ಲದಿದ್ದರೆ ಆಗಲಿ. ಮಾತಿನ ಚಿಕಿತ್ಸೆಯ ಬಗ್ಗೆ ನೀವು ಒಂದಕ್ಷರವೂ ಬರೆದಿಲ್ಲ, ಶುರುವೇ ಮಾಡಿಲ್ಲವೆಂದು ತಿಳಿಯುತ್ತೇನೆ. ಇಷ್ಟನ್ನೂ ನಿಮ್ಮ ವೈದ್ಯರ ಮುಂದೆ ಇಡಿ, ಅಣಬೆಯ ಯೋಚನೆ ಬಂದಿತ್ತು ಎನ್ನುವುದನ್ನೂ ಸೇರಿಸಿ. ಬೈಯುತ್ತಾರೆ ಎಂದು ಮುಚ್ಚಿಡಬೇಡಿ, ಈ ಪ್ರಶ್ನೆ ಈಗ ನಮ್ಮ ಹೊರರೋಗಿ ವಿಭಾಗಕ್ಕೆ ಹೊಸದೇನಲ್ಲ.

ಈ ಉತ್ತರ ನಿಮಗೆ ತಲುಪುವ ಮೊದಲೇ ನೀವೋ ನಿಮ್ಮ ಗೆಳೆಯನೋ ನುಂಗಿದ್ದರೆ, ಒಬ್ಬರೇ ಇರಬೇಡಿ, ವಾಹನ ಮುಟ್ಟಬೇಡಿ, ಮೇಲೆ ಮದ್ಯ ಕುಡಿಯಬೇಡಿ. ಗದ್ದಲವಿಲ್ಲದ ಕೋಣೆ, ನೆಮ್ಮದಿಯಿಂದ ಮಾತಾಡುವ ಒಬ್ಬ ಮನುಷ್ಯ ಸಾಕು, ಹೆಚ್ಚಿನವರಿಗೆ ಆರೇಳು ಗಂಟೆಯಲ್ಲಿ ಇಳಿಯುತ್ತದೆ. ಮೈ ಸುಡುವಷ್ಟು ಜ್ವರ, ಕೈಕಾಲು ಬಿಗಿತ, ಸೆಳವು, ಎದೆನೋವು, ನಿಲ್ಲದ ವಾಂತಿ, ಸಾಯುವ ಮಾತು, ಇದರಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೋಗಿ. ಏನು ತೆಗೆದುಕೊಂಡಿರಿ, ದಿನದ ಮಾತ್ರೆ ಯಾವುದು ಎಂಬುದನ್ನು ಅಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿ, ಉಳಿದ ಕ್ಯಾಪ್ಸೂಲ್ ಇದ್ದರೆ ಜೊತೆಗೆ ಒಯ್ಯಿರಿ. ಮುಂದಿನ ದಿನಗಳಲ್ಲಿ ಎರಡು ರಾತ್ರಿ ನಿದ್ದೆ ಬಾರದೆಯೂ ಉತ್ಸಾಹ ಉಕ್ಕುತ್ತಿದ್ದರೆ, ಜನ ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಎನ್ನಿಸತೊಡಗಿದರೆ, ಅದು ಜ್ಞಾನೋದಯ ಎಂದುಕೊಳ್ಳದೆ ಮನೋವೈದ್ಯರನ್ನು ಕಾಣಿ. ಮಾತ್ರೆಯನ್ನಷ್ಟೇ ನಿಲ್ಲಿಸಿದ್ದು, ಕ್ಯಾಪ್ಸೂಲ್ ಇನ್ನೂ ಬಂದಿಲ್ಲ ಎಂದಾದರೆ, ನಾಳೆ ಬೆಳಗ್ಗೆಯೇ ನಿಮ್ಮ ವೈದ್ಯರಿಗೆ ಫೋನ್ ಮಾಡಿ. ಎಷ್ಟು ದಿನದ ಡೋಸ್ ತಪ್ಪಿದೆ ಎನ್ನುವುದರ ಮೇಲೆ, ಎಷ್ಟರಿಂದ ಮತ್ತೆ ಶುರು ಮಾಡಬೇಕೆಂದು ಅವರು ಹೇಳುತ್ತಾರೆ.